ಕಾಶ್ಯಪ ಗೋತ್ರದ ಜರ್ಮನ್ ಊರು

ನನ್ನ ಮೈದುನನಿಗೆ ವಿಮಾನ ತಪ್ಪಲಿಲ್ಲ. ವಿಮಾನ ಹೊತ್ತಿಗೆ ಸರಿಯಾಗಿ ಬಂತು, ಬಾಗಿಲು ತೆರೆಯಿತು, ಇವನ ಹೆಸರನ್ನು ಮೈಕಿನಲ್ಲಿ ಕೂಗಿಸಿತು, ಕೊನೆಗೆ ಬೇಸತ್ತು ಹಾರಿಹೋಯಿತು. ಇವನು ಹತ್ತಲಿಲ್ಲ. ನಡೆದದ್ದು ಇಷ್ಟೇ. ದಾರಿಯಲ್ಲಿ ಟ್ರಾಫಿಕ್ ಜಾಮ್ ಆಗಿತ್ತು, ಚಟ್ನಿಪುಡಿಯ ಡಬ್ಬಿಯನ್ನು ಬಾಂಬೆಂದು ತಿಳಿದು ಪೊಲೀಸರು ಹಿಡಿದರು ಎಂದೆಲ್ಲ ಡೊಂಬಿವಲಿಯಲ್ಲಿ ಸುದ್ದಿ ಹಬ್ಬಿದೆ. ನಂಬಬೇಡಿ. ಆ ಡಬ್ಬಿ ಕಟ್ಟಿದವಳು ನಾನು. ಅದು ಹೋದ ಹಾಗೆಯೇ ತಿರುಗಿ ಬಂದಿದೆ. ಈಗ ದಿನಾ ದೋಸೆಗೆ ಹಾಕಿಕೊಂಡು ನಾವೇ ತಿನ್ನುತ್ತಿದ್ದೇವೆ.

ಹಾಗೆಂದು ಅವನು ಜರ್ಮನಿ ಕಾಣದವನೆಂದು ತಿಳಿಯಬೇಡಿ. ಅಲ್ಲಿಯ ಒಂದು ಸಣ್ಣ ಊರಿನ ವಿಷಯದಲ್ಲಿ ಅವನಷ್ಟು ತಿಳಿದವರು ಆ ಊರಿನಲ್ಲೂ ಇರಲಾರರು. ಕಣ್ಣು ಕಟ್ಟಿ ಅಲ್ಲಿ ಬಿಟ್ಟರೆ ಗಿರಣಿಯ ಸದ್ದು ಹಿಡಿದು ಸೀದಾ ಇಗರ್ಜಿಯ ಮೆಟ್ಟಿಲಿಗೆ ಹೋಗಿ ನಿಲ್ಲುತ್ತಾನೆ. ಒಂದೇ ಶರತ್ತು, ಐನೂರು ವರ್ಷ ಹಿಂದಕ್ಕೆ ಒಯ್ದು ಬಿಡಬೇಕು. ಅದರಿಂದ ಈಚಿನದು ಅವನಿಗೆ ಏನೂ ಗೊತ್ತಿಲ್ಲ.

ನಾನು ನಾಲ್ಕನೇ ಕ್ಲಾಸು ಕಲಿತವಳು. ಆ ಊರಿನ ಬಗ್ಗೆ ಇಷ್ಟು ವರ್ಷದಲ್ಲಿ ನಾನಾಗಿ ಒಂದು ಪ್ರಶ್ನೆ ಕೇಳಿದವಳಲ್ಲ. ಕೇಳುವ ಅಗತ್ಯವೆಲ್ಲಿತ್ತು? ಕೇಳದೆಯೇ ಕಿವಿಗೆ ಸುರಿಯುತ್ತಿದ್ದ.

ಶುರುವಾದದ್ದು ಇಡ್ಲಿಯಿಂದ. ಮುಂಬಯಿಯ ಹೊರಗೆ ರಬಾಳೆಯಲ್ಲಿ ಕಾರ್ಖಾನೆಗಳ ನಡುವೆ ನಮ್ಮದೊಂದು ಉಡುಪಿ ಹೋಟೆಲು ಇದೆ. ಒಳಗಿನ ಅಡುಗೆಮನೆ ನಮ್ಮ ಯಜಮಾನರದ್ದು, ಎದುರಿನ ಗಲ್ಲಾ ಅವರ ತಮ್ಮನದ್ದು. ಆ ತಮ್ಮನೇ ಈ ಮೈದುನ. ಮದುವೆಯಾಗಿಲ್ಲ, ಡೊಂಬಿವಲಿಯಲ್ಲಿ ನಮ್ಮೊಟ್ಟಿಗೇ ಇರುವುದು. ಮೀಸೆ ಬರುವ ಮೊದಲೇ ಮುಂಬಯಿಗೆ ಬಂದು, ಹಗಲು ಲೋಟ ತೊಳೆದು, ನೈಟ್ ಸ್ಕೂಲಿನಲ್ಲಿ ಓದಿದವನು. ಆದ್ದರಿಂದ ಇಂಗ್ಲಿಷ್ ಓದುತ್ತಾನೆ. ನಿಧಾನವಾಗಿ, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ.

ಒಂದು ವರ್ಷ ಹತ್ತಿರದ ಕಾರ್ಖಾನೆಗೆ ಯಂತ್ರ ಜೋಡಿಸಲು ಜರ್ಮನಿಯಿಂದ ಒಬ್ಬ ಸಾಹೇಬ ಬಂದ. ಮೊದಲ ದಿನ ನಮ್ಮ ಸಾಂಬಾರು ಕುಡಿದ ಮೇಲೆ ಅವನ ಮುಖ ಎಷ್ಟು ಕೆಂಪಾಯಿತೆಂದರೆ ನಮ್ಮ ಯಜಮಾನರು ಆಂಬುಲೆನ್ಸಿಗೆ ಫೋನು ಮಾಡಲು ಹೊರಟಿದ್ದರಂತೆ. ಮೈದುನ ಇಡ್ಲಿಗೆ ತುಪ್ಪ ಸಕ್ಕರೆ ಹಾಕಿ ಕೊಟ್ಟ. ಅಂದಿನಿಂದ ಆ ಮನುಷ್ಯ ಇಡ್ಲಿ ಸಕ್ಕರೆಯಲ್ಲೇ ಮಳೆಗಾಲ ಕಳೆದ. ಹೊರಡುವ ದಿನ ಮೈದುನನಿಗೆ ಇಂಗ್ಲಿಷಿನ ಒಂದು ತೆಳ್ಳಗಿನ ಪುಸ್ತಕ ಕೊಟ್ಟು ಕೈ ಕುಲುಕಿದ. ಅವನ ಊರಿನ ಭೂಗೋಳ ಮತ್ತು ಚರಿತ್ರೆ, ಭಾಗ ಒಂದು.

ನಮ್ಮ ಮನೆಯ ನೆಮ್ಮದಿ ಕೆಡಿಸಿದ್ದು ಆ 'ಭಾಗ ಒಂದು.' ಭಾಗ ಎರಡನ್ನೂ ಕೊಟ್ಟು ಹೋಗಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಊರಿನ ಹೆಸರು ಮಾತ್ರ ನನ್ನನ್ನು ಕೇಳಬೇಡಿ. ಹೇಳಲು ಹೋದರೆ ಹಲ್ಲುಸೆಟ್ಟು ಹೊರಗೆ ಬರುತ್ತದೆ. ಉಳಿದದ್ದು ಬಾಯಿಪಾಠ. ಒಂದು ಹೊಳೆ, ಹುಲ್ಲು ಕೊಯ್ಯುವ ಕತ್ತಿಯ ಹಾಗೆ ಬಾಗಿದೆ. ಆ ಬಾಗಿದ ಹೊಟ್ಟೆಯೊಳಗೆ ಊರು. ಬೆನ್ನಿಗೆ ಕೆಂಪು ಕಲ್ಲಿನ ಗುಡ್ಡ. ಮೊದಲು ಅಲ್ಲಿ ಬರೀ ಕೆಸರು, ಕಪ್ಪೆ, ಒಂದು ಮರಗಳ ತೋಪು, ತೋಪಿನ ನಡುವೆ ಒಂದು ಒರತೆ. ಎಲ್ಲಿಂದಲೋ ಒಬ್ಬ ಸನ್ಯಾಸಿ ಬಂದ. ತೋಪು ಕಡಿಸಿದ, ಒರತೆ ಮುಚ್ಚಿಸಿ ಅದರ ಮೇಲೆ ಇಗರ್ಜಿ ಕಟ್ಟಿಸಿದ. ಅವನ ಹಿಂದೆ ಮೀನು ಹಿಡಿಯುವವರು ಬಂದರು, ಚರ್ಮ ಹದ ಮಾಡುವವರು ಬಂದರು. ಮರದ ಸೇತುವೆ ಬಂತು, ಹಿಟ್ಟಿನ ಗಿರಣಿ ಬಂತು, ಊರ ಸುತ್ತ ಗೋಡೆ ಬಂತು, ಗೋಡೆಗೆ ಮೂರು ಬಾಗಿಲು ಬಂದವು. ಸಂತೆ ನಡೆಸಲು ರಾಜನ ಅಪ್ಪಣೆಯೂ ಸಿಕ್ಕಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ರೊಟ್ಟಿ ಸುಡುವವನ ಒಲೆಯಿಂದ ಕಿಡಿ ಹಾರಿ ಇಡೀ ಊರು ಬೂದಿಯಾಯಿತು. ಭಾಗ ಒಂದು ಮುಗಿಯಿತು.

ಹೋಟೆಲಿನವನ ಕೈಗೆ ಕೊಡುವ ಪುಸ್ತಕವೇ ಇದು? ಕೊನೆಯ ಪುಟ ಓದಿದ ದಿನ ಮೈದುನ ಊಟ ಬಿಟ್ಟ.

"ಎಂತ, ಹೊಟ್ಟೆ ಸರಿ ಇಲ್ವಾ?" ಎಂದೆ.

"ಜನ ಎಲ್ಲ ಬೀದಿಗೆ ಬಿದ್ದಿದ್ದಾರೆ ಅತ್ತಿಗೆ. ಒಂದು ಮನೆಯ ಮಾಡು ಉಳಿದಿಲ್ಲ. ಎದುರಿಗೆ ಚಳಿಗಾಲ."

ನಾನು ಗಾಬರಿಯಿಂದ ಟಿವಿ ಹಾಕಿ ಎಲ್ಲ ಚಾನೆಲು ತಿರುಗಿಸಿ ನೋಡಿದೆ. ಎಲ್ಲೂ ಇರಲಿಲ್ಲ.

ಅಲ್ಲಿಂದ ಮುಂದೆ ಆ ಊರು ಅವನೊಟ್ಟಿಗೆ ಲೋಕಲ್ ಟ್ರೇನಿನಲ್ಲಿ ಓಡಾಡತೊಡಗಿತು. ಡೊಂಬಿವಲಿಯಿಂದ ಸ್ಲೋ ಗಾಡಿ ಹತ್ತಿ ಥಾಣೆಯಲ್ಲಿ ಇಳಿದು, ಅಲ್ಲಿಂದ ರಬಾಳೆಗೆ ಬೇರೆ ಗಾಡಿ. ಥಾಣೆ ಬರುವುದರೊಳಗೆ ಪಕ್ಕದವರಿಗೆ ಇಡೀ ಚರಿತ್ರೆ ಹೇಳಿ ಮುಗಿಸುತ್ತಿದ್ದ. ದಿವಾ ಸ್ಟೇಷನಿನಲ್ಲಿ ಸನ್ಯಾಸಿ ಬರುತ್ತಿದ್ದ. ಮುಂಬ್ರಾದಲ್ಲಿ ಸೇತುವೆ. ಕಳವಾ ದಾಟುವಾಗ ಗೋಡೆ ಮತ್ತು ಮೂರು ಬಾಗಿಲು. ಥಾಣೆಯ ಖಾಡಿಯ ಸೇತುವೆ ದಾಟಿದ ಕೂಡಲೇ ಬೆಂಕಿ. ದಿನಾ ಅದೇ ಸೀಟಿನಲ್ಲಿ ಕೂರುತ್ತಿದ್ದ ಒಬ್ಬ ಗುಜರಾತಿ ಕಳವಾದಲ್ಲಿ ಇಳಿಯುವವನು. ಅವನು ಬೆಂಕಿಯ ಸುದ್ದಿ ಕೇಳಿಯೇ ಇರಲಿಲ್ಲ. ವರ್ಷಗಟ್ಟಲೆ ಆ ಊರು ಬಹಳ ಏಳಿಗೆಯಲ್ಲಿದೆ ಎಂದೇ ನಂಬಿದ್ದ. ಕೊನೆಗೊಂದು ದಿನ, "ಭಾಯಿಸಾಬ್, ವಹಾಂ ದುಕಾನ್ ಡಾಲೇಂ ಕ್ಯಾ?" ಎಂದು ಕೇಳಿದನಂತೆ. ಅಲ್ಲೊಂದು ಅಂಗಡಿ ಹಾಕೋಣವೇ ಎಂದು! ಮೈದುನ ಅವನನ್ನು ಥಾಣೆಯವರೆಗೂ ಕರೆದೊಯ್ದು ನಿಜಸ್ಥಿತಿ ತಿಳಿಸಿದ.

ಇನ್ನು ದಾರಿ ಹೇಳುವುದೆಂದರೆ ಅವನಿಗೆ ಹಬ್ಬ. ನಮ್ಮ ಹೋಟೆಲು ಇರುವುದು ಮೂರು ರಸ್ತೆ ಸೇರುವ ನಾಕಾದಲ್ಲಿ. ಲಾರಿಯವರು, ಕೊರಿಯರಿನವರು, ಇಂಟರ್ವ್ಯೂಗೆ ಬಂದ ಮಕ್ಕಳು, ಎಲ್ಲರೂ ದಾರಿ ಕೇಳುವುದು ಇವನನ್ನೇ. ಯಾರು ಕೇಳಿದರೂ ಇವನ ಮೊದಲ ಪ್ರಶ್ನೆ, "ಕೈಯಲ್ಲಿ ಭಾರ ಉಂಟಾ?" ಭಾರ ಇದ್ದವರಿಗೆ ಒಂದು ದಾರಿ, ಇಲ್ಲದವರಿಗೆ ಬೇರೆ ದಾರಿ. ಹೇಳಿದರೆ ಸಮಾಧಾನವಿಲ್ಲ. ಗಲ್ಲಾ ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿಕೊಂಡು, ತಿರುವಿನವರೆಗೆ ಹೋಗಿ ಬಿಟ್ಟು ಬರುತ್ತಿದ್ದ. ಇತ್ತ ಗಿರಾಕಿಗಳು ಬಿಲ್ಲು ಹಿಡಿದು ಸಾಲು ನಿಂತಿರುತ್ತಿದ್ದರು.

"ನೀನು ಹೋಟೆಲಿಗೆ ಇರುವುದಾ, ರಸ್ತೆಗೆ ಇರುವುದಾ?" ಎಂದು ಯಜಮಾನರು ಒಳಗಿನಿಂದ ಕೂಗುವರು.

"ಈ ಊರು ಕಟ್ಟಿದವರಿಗೆ ಬುದ್ಧಿ ಇಲ್ಲ ಅಣ್ಣ. ಅಲ್ಲಿ ನೋಡಿ, ಮೂರು ಬಾಗಿಲಲ್ಲಿ ಯಾವುದರಲ್ಲಿ ಒಳಗೆ ಬಂದ್ರೂ ಸಂತೆಗೇ ಮುಟ್ತೀರಿ."

"ಅದು ಸುಟ್ಟುಹೋಗಿದೆಯಲ್ಲ ಮಾರಾಯ."

"ಮಾಡು ಸುಟ್ಟದ್ದು. ದಾರಿ ಸುಡ್ತದಾ?"

ಮನೆಯಲ್ಲಿ ಅವನ ಕೈಗೆ ಸಿಕ್ಕಿದ್ದು ನನ್ನ ಮೊಮ್ಮಗಳು. ಶಾಲೆಯಲ್ಲಿ 'ನನ್ನ ಊರು' ಎಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಹೇಳಿದ್ದರು. ಅವಳು ಹುಟ್ಟಿದ್ದು ಡೊಂಬಿವಲಿ, ಬೆಳೆದದ್ದು ಡೊಂಬಿವಲಿ, ಕನ್ನಡದಲ್ಲಿ ಕರೆದರೆ ಹಿಂದಿಯಲ್ಲಿ ಓಗೊಡುತ್ತಾಳೆ. ಅವಳಿಗೆ ಯಾವ ಊರು ಗೊತ್ತು? ಸಣ್ಣಜ್ಜ ದಿನಾ ಹೇಳುವ ಊರು ಗೊತ್ತು. ಬರೆದಳು. ನಮ್ಮ ಊರಿನಲ್ಲಿ ಒಂದು ಹೊಳೆ ಇದೆ, ಒಂದು ಗುಡ್ಡ ಇದೆ, ಮೂರು ಬಾಗಿಲು ಇವೆ, ನಮ್ಮ ಊರು ಸುಟ್ಟುಹೋಯಿತು.

ಎರಡು ದಿನ ಬಿಟ್ಟು ಟೀಚರ್ ಮನೆಗೇ ಬಂದಳು. ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿದಳು. ಹಿಂದೆ ಶಾಲೆಯ ಪ್ಯೂನ್ ಎರಡು ಗೋಣಿ ಹಳೆಬಟ್ಟೆ ಹೊತ್ತು ನಿಂತಿದ್ದ. ಇಡೀ ಕ್ಲಾಸಿನಿಂದ ಕೂಡಿಸಿದ್ದಂತೆ, ನಮ್ಮ ಊರಿನ ಸಂತ್ರಸ್ತರಿಗೆ. ನಾನು ಬಾಯಿ ತೆರೆಯುವ ಮೊದಲೇ ಮೈದುನ ಮುಂದೆ ಬಂದು, ಕೈ ಮುಗಿದು, "ಬಹುತ್ ಉಪಕಾರ್ ಹುವಾ ಟೀಚರ್" ಎಂದು ಎರಡೂ ಗೋಣಿ ಒಳಗೆ ತೆಗೆದುಕೊಂಡ.

"ಮಾನ ಮರ್ಯಾದೆ ಉಂಟಾ ನಿನಗೆ?" ಎಂದೆ, ಅವಳು ಹೋದ ಮೇಲೆ.

"ಕೊಟ್ಟದ್ದು ಬೇಡ ಅಂತ ಹೇಳುವುದು ಹೇಗೆ ಅತ್ತಿಗೆ? ಅದರಲ್ಲಿ ಉಲ್ಲನ್ ಉಂಟು."

ಆ ಗೋಣಿಗಳನ್ನು ನಾನು ಮರುದಿನವೇ ಕೋಪರಿಯ ಒಂದು ಅನಾಥಾಶ್ರಮಕ್ಕೆ ಮುಟ್ಟಿಸಿದೆ. ಒಂದು ಸ್ವೆಟರನ್ನು ಮಾತ್ರ ಮೈದುನ ಬಚ್ಚಿಟ್ಟುಕೊಂಡ. ಅದರ ಕಥೆ ಮುಂದೆ ಬರುತ್ತದೆ.

ನಡುವೆ ಒಂದು ಸಲ ಸಂಬಂಧಿಕರ ಮದುವೆಗೆಂದು ಊರಿಗೆ, ನಮ್ಮ ಉಡುಪಿ ಕಡೆಗೆ, ಹೋಗಿದ್ದ. ಮದುವೆ ಮುಗಿಸಿ, ತಾನು ಹುಟ್ಟಿದ ಜಾಗ ನೋಡಿ ಬರುತ್ತೇನೆಂದು ಹೊರಟನಂತೆ. ಆ ಜಾಗ ಯಾವಾಗಲೋ ಕೈಬಿಟ್ಟು ಹೋಗಿತ್ತು. ಗದ್ದೆ ಇದ್ದಲ್ಲಿ ಲೇಔಟು, ನಾಗನ ಕಲ್ಲಿದ್ದ ಬನದ ಮೇಲೆ ಅಗಲವಾದ ಹೈವೇ. ದಾರಿ ಹೇಳುವುದರಲ್ಲಿ ಎತ್ತಿದ ಕೈಯಾದ ಇವನಿಗೆ ದಾರಿಯೇ ತಪ್ಪಿತು. ಒಂದು ಅಂಗಡಿಯಲ್ಲಿ ವಿಚಾರಿಸಿದರೆ ಅಲ್ಲಿಯ ಹೆಂಗಸು ಇವನನ್ನು ಮೇಲಿಂದ ಕೆಳಗೆ ನೋಡಿ, "ಹೊಸಬರಾ? ಯಾರ ಮನೆ ಆಗ್ಬೇಕಿತ್ತು?" ಎಂದಳಂತೆ. ಇವನು ಒಂದು ಸೋಡಾ ಕುಡಿದು ತಿರುಗಿ ಬಂದ. ಬಂದು ಇದನ್ನು ತಮಾಷೆಯಾಗಿ ಹೇಳಿದ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅವನೂ ನಕ್ಕ. ಊರಿಗೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಜರ್ಮನಿಯ ಹುಚ್ಚು ಮಾತ್ರ ಇಮ್ಮಡಿಯಾಯಿತು. ಒಂದು ಭಾನುವಾರ ಪುಸ್ತಕ ಹಿಡಿದು ಓಡಿ ಬಂದ. ಅದರ ಹೊದಿಕೆಯ ಮೇಲೆ ಆ ಊರಿನ ಮುದ್ರೆ ಇತ್ತು. ಒಬ್ಬ ಸನ್ಯಾಸಿ, ಅವನ ಕಾಲ ಕೆಳಗೆ ರೆಕ್ಕೆ ಇರುವ ಒಂದು ಹಾವು.

"ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳ್ಲಿಲ್ಲ ನೋಡಿ ಅತ್ತಿಗೆ. ತೋಪು ಕಡಿದದ್ದು, ಒರತೆ ಮುಚ್ಚಿದ್ದು. ಅದು ನಾಗಬನ! ಕಡಿದು ಅದರ ಮೇಲೆ ಊರು ಕಟ್ಟಿದ್ದಾರೆ. ಬೆಂಕಿ ಬೀಳದೆ ಇನ್ನೆಂತ ಆಗ್ತದೆ?"

ಜರ್ಮನಿಗೆ ನಾಗದೋಷ. ನಮ್ಮ ಕಡೆಯವರಲ್ಲದೆ ಇದನ್ನು ಬೇರೆ ಯಾರು ಕಂಡುಹಿಡಿಯಬಲ್ಲರು? ಆಶ್ಲೇಷಾ ಬಲಿ ಆಗಲೇಬೇಕೆಂದು ಹಟ ಹಿಡಿದ. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಭಟ್ಟರನ್ನು ಕರೆತಂದ. ಅವರು ಹಗಲು ಒಂದು ಕಂಪನಿಯ ಸ್ಟೋರಿನಲ್ಲಿ ಕೆಲಸ ಮಾಡಿ, ಬೆಳಿಗ್ಗೆ ಸಂಜೆ ಪೌರೋಹಿತ್ಯ ಮಾಡುವವರು. ಎಂಥೆಂಥ ಗಿರಾಕಿಗಳನ್ನೋ ಕಂಡವರು. ಆದರೂ ನಮ್ಮ ಹಾಲ್‌ನಲ್ಲಿ ಕುಳಿತು ಬೆವರಿದರು.

"ಯಾರ ಹೆಸರಲ್ಲಿ ಸೇವೆ?"

"ಒಂದು ಊರಿನ ಹೆಸರಲ್ಲಿ ಭಟ್ರೇ."

"ಊರಿಗೆ ನಕ್ಷತ್ರ ಎಲ್ಲಿಂದ ತರುವುದು?"

ಮೈದುನ ತಯಾರಾಗಿಯೇ ಇದ್ದ. ಯಾವುದೋ ರಾಜ ಆ ಸನ್ಯಾಸಿಗೆ ಜಾಗ ಉಂಬಳಿ ಕೊಟ್ಟ ಪತ್ರದಲ್ಲಿ ಊರಿನ ಹೆಸರು ಮೊದಲ ಸಲ ಬರುತ್ತದಂತೆ. ಅದೇ ದಿನವನ್ನು ಅವರು ಊರಿನ ಹುಟ್ಟಿದ ದಿನವೆಂದು ಆಚರಿಸುವುದಂತೆ. ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಹೆಸರು ಬರೆಯುತ್ತಾರೆ, ಅವರಲ್ಲಿ ಹೆಸರು ಬರೆದ ಮೇಲೆ ಊರು ಹುಟ್ಟಿದ ಲೆಕ್ಕ. ಭಟ್ಟರು ಬೆರಳು ಮಡಚಿ ಮಡಚಿ, ಪಂಚಾಂಗದ ಆಚೆಗೆ ಹೋಗಿ, ಕೊನೆಗೆ ಕೈ ಚೆಲ್ಲಿ ಮಖೆ ನಕ್ಷತ್ರ ಎಂದರು.

"ಗೋತ್ರ?"

"ಅದು ಬುಕ್ಕಲ್ಲಿ ಇಲ್ಲ."

"ಗೊತ್ತಿಲ್ಲದವರಿಗೆ ಕಾಶ್ಯಪ."

ನಮ್ಮದೂ ಕಾಶ್ಯಪವೇ. "ಹಾಗಾದ್ರೆ ಆ ಊರಿನ ಹೆಣ್ಣು ನಮಗೆ ಆಗ್ಲಿಕ್ಕಿಲ್ಲ" ಎಂದೆ ನಾನು.

"ಅದು ಗೊತ್ತಿದ್ದೇ ನಾನು ಮದುವೆ ಆಗದೆ ಕೂತದ್ದು ಅತ್ತಿಗೆ" ಎಂದ ಮೈದುನ.

ಸಂಕಲ್ಪ ಶುರುವಾಯಿತು. ಜಂಬೂದ್ವೀಪೇ ಎಂದ ಭಟ್ಟರು ಭರತವರ್ಷೇ ಎನ್ನಲು ಹೋಗಿ ಅಲ್ಲೇ ನಿಂತರು. "ಗೋದಾವರಿಯ ದಕ್ಷಿಣ ತೀರ ಅಂತ ಹೇಳಿದ್ರೆ ಪೂಜೆ ಇಲ್ಲಿಗೇ ಬಂತು. ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಹೊಳೆ ಯಾವ ಬದಿಗೆ?"

"ಊರಿಗೆ ದಕ್ಷಿಣಕ್ಕೆ ಹೊಳೆ. ನಾವಿರುವುದು ಉತ್ತರದ ದಡದಲ್ಲಿ" ಎಂದ ಮೈದುನ, ಕಣ್ಣು ಮುಚ್ಚಿಕೊಂಡೇ. ನಾವಿರುವುದು ಎಂದನು, ನಾನು ಕಿವಿಯಾರೆ ಕೇಳಿದೆ.

"ವಕ್ರನದ್ಯಾಃ ಉತ್ತರೇ ತೀರೇ" ಎಂದು ಭಟ್ಟರು ಮುಂದೆ ಸಾಗಿದರು.

ಹೋಮದ ಹೊಗೆ ಕಿಟಕಿಯಿಂದ ಹೊರಗೆ ಹೋದದ್ದೇ ಕೆಳಗಿನ ಮನೆಯ ಮರಾಠಿ ಕಾಕು ಏದುಸಿರು ಬಿಡುತ್ತ ಬಂದು ಬಾಗಿಲು ಬಡಿದಳು. "ಕಾಯ್ ಝಾಲಂ? ಆಗ್ ಲಾಗಲೀ ಕಾಯ್?"

"ಇಥೇ ನಾಹೀ ಕಾಕು, ಜರ್ಮನೀತ" ಎಂದು ಮೈದುನ ಅವಳ ಕೈಗೆ ಪ್ರಸಾದ ಹಾಕಿದ. ಬೆಂಕಿ ಬಿದ್ದದ್ದು ಇಲ್ಲಲ್ಲ, ಜರ್ಮನಿಯಲ್ಲಿ. ಅವಳು ಪ್ರಸಾದ ಕಣ್ಣಿಗೊತ್ತಿಕೊಂಡು ನಿರಾಳವಾಗಿ ಮೆಟ್ಟಿಲಿಳಿದಳು.

ಇದಾಗಿ ಕೆಲವು ವರ್ಷಕ್ಕೆ ಆ ಜರ್ಮನ್ ಸಾಹೇಬ ಯಂತ್ರ ರಿಪೇರಿಗೆಂದು ಮತ್ತೆ ರಬಾಳೆಗೆ ಬಂದ. ಬಂದವನೇ ಇಡ್ಲಿ ಸಕ್ಕರೆ ಕೇಳಿದ. ಮೈದುನ ತಟ್ಟೆ ಇಡುವುದಕ್ಕೂ ಮೊದಲು, "ಬೆಂಕಿ ಬಿದ್ದ ಮೇಲೆ ಎಂತ ಆಯಿತು?" ಎಂದು ಕೇಳಿದ. ಸಾಹೇಬ ಯಾವ ಬೆಂಕಿ ಎಂದು ತಲೆ ಕೆರೆದು, ನೆನಪು ಮಾಡಿಕೊಂಡು, ಓ ಅದಾ, ಅದೆಲ್ಲ ಆಗಲೇ ಕಟ್ಟಿಯಾಯಿತು, ಈಗ ಎಲ್ಲರೂ ಚೆನ್ನಾಗಿದ್ದಾರೆ ಎಂದ.

ಆ ಸಂಜೆ ಮೈದುನ ಮನೆಗೆ ಬಂದ ರೀತಿ ನೋಡಬೇಕಿತ್ತು. ಐಸಿಯುವಿನಿಂದ ರೋಗಿಯನ್ನು ವಾರ್ಡಿಗೆ ತಂದರೆ ಮನೆಯವರು ಬರುವುದಿಲ್ಲವೇ, ಹಾಗೆ. "ಅತ್ತಿಗೆ, ಪಾಯಸ ಮಾಡಿ. ಎಲ್ಲರಿಗೂ ಮನೆ ಆಗಿದೆ."

"ಯಾವಾಗ ಆದದ್ದು?" ಎಂದರು ಯಜಮಾನರು.

"ಬೆಂಕಿ ಬಿದ್ದ ಮರುವರ್ಷವೇ. ಪೂಜೆ ಫಲಿಸಿತು ಅಣ್ಣ."

"ಮನೆ ಆಗಿ ಐನೂರು ವರ್ಷ. ನೀನು ಪೂಜೆ ಮಾಡಿಸಿದ್ದು ಮೊನ್ನೆ."

"ದೇವರಿಗೆ ಹಿಂದೆ ಮುಂದೆ ಉಂಟಾ ಅಣ್ಣ?"

ಯಜಮಾನರು ಚಪ್ಪಲಿ ಮೆಟ್ಟಿ ದ್ರಾಕ್ಷಿ ಗೋಡಂಬಿ ತರಲು ಹೋದರು. ನಾನು ಪಾಯಸ ಮಾಡಿದೆ.

ಸಾಹೇಬ ಹೊರಡುವಾಗ, ನಮ್ಮ ಊರಿಗೆ ಒಮ್ಮೆ ಬಾ, ನನ್ನ ಮನೆಯಲ್ಲೇ ಇರು ಎಂದ. ಬಾಯಿಮಾತಿಗೆ ಹೇಳಿದ್ದೆಂದು ನಾವ್ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಆ ಪುಣ್ಯಾತ್ಮ ಹೋದ ಮೇಲೆ ಕರೆಯುವ ಪತ್ರವನ್ನೂ ಕಳಿಸಿದ. ಮೈದುನನಿಗೆ ಅರುವತ್ತು ತುಂಬುವ ವರ್ಷ ಅದು. ಶಾಂತಿ ಹೋಮ ಬೇಡ ಎಂದಿದ್ದ. ಹಾಗಾಗಿ ನನ್ನ ಮಗ, ಚಿಕ್ಕಪ್ಪನಿಗೆ ಇದೇ ಉಡುಗೊರೆ ಎಂದು ಪಾಸ್‌ಪೋರ್ಟು, ವೀಸಾ, ಟಿಕೆಟ್ಟು ಎಲ್ಲ ಮಾಡಿಸಿಟ್ಟ.

ಮನೆಯೆಲ್ಲ ಮದುವೆಮನೆಯಾಯಿತು. ನಾನು ಚಟ್ನಿಪುಡಿ ಕುಟ್ಟಿದೆ. ಬಚ್ಚಿಟ್ಟಿದ್ದ ಆ ಹಳೇ ಸ್ವೆಟರು ಹೊರಗೆ ಬಂತು. ಟ್ರೇನಿನ ಗೆಳೆಯರು ಡೊಂಬಿವಲಿ ಸ್ಟೇಷನಿನಲ್ಲಿ ಹಾರ ಹಾಕಿದರು. ಕಳವಾದಲ್ಲಿ ಇಳಿಯುವ ಆ ಗುಜರಾತಿ, ಅಂಗಡಿಗೆ ಜಾಗ ಇದ್ದರೆ ನೋಡಿಕೊಂಡು ಬಾ ಎಂದು ಇನ್ನೊಮ್ಮೆ ಹೇಳಿದ. ಭಟ್ಟರು ಇಗರ್ಜಿಯ ಮೂಲೆಯಲ್ಲಿ ಹಾಕಲು ನಾಗನ ಅರಿಸಿನ ಪ್ರಸಾದ ಕೊಟ್ಟರು. ಯಾರಿಗೂ ಕಾಣದ ಹಾಗೆ ಹಾಕಬೇಕು ಎಂದೂ ಹೇಳಿದರು. ಅವನು ಮಾತ್ರ ಎರಡು ದಿನದಿಂದ ಊರಿನ ಮಾತೇ ಆಡುತ್ತಿರಲಿಲ್ಲ. ನನಗೆ ಆಗಲೇ ಅನುಮಾನ ಬಂದಿತ್ತು.

ಮಧ್ಯಾಹ್ನದ ವಿಮಾನ. ಮಗ ಕಾರಿನಲ್ಲಿ ಕರೆದೊಯ್ದು ಏರ್‌ಪೋರ್ಟಿನ ಬಾಗಿಲಲ್ಲಿ ಬಿಟ್ಟು ಆಫೀಸಿಗೆ ಹೋದ. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಬೆಲ್ಲು ಸದ್ದಾಯಿತು. ತೆಗೆದರೆ ಮೈದುನ. ಬೇಸಗೆಯ ಸೆಕೆಯಲ್ಲಿ ಸ್ವೆಟರು ತೊಟ್ಟು ನಿಂತಿದ್ದಾನೆ.

"ಎಂತ, ಇಷ್ಟು ಬೇಗ ನೋಡಿ ಆಯ್ತಾ?" ಎಂದೆ.

"ವಿಮಾನ ತಪ್ಪಿತು ಅತ್ತಿಗೆ."

"ಆ ಕಥೆ ಟ್ರೇನಿನಲ್ಲಿ ಹೇಳು. ನನ್ನ ಹತ್ತಿರ ಬೇಡ."

ಅವನು ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಸುಮಾರು ಹೊತ್ತು ಅದರ ಮುಚ್ಚಳವನ್ನೇ ತಿರುಗಿಸುತ್ತಿದ್ದ.

"ಗೇಟಿನ ತನಕ ಹೋಗಿದ್ದೆ. ಪಕ್ಕದಲ್ಲಿ ಕೂತ ಹುಡುಗಿ ಕೇಳಿದ್ಲು, ಅಂಕಲ್ ಅಲ್ಲಿಗೆ ಫಸ್ಟ್ ಟೈಮಾ ಅಂತ. ಹೌದು ಅಂತ ಹೇಳ್ಬೇಕಾಯ್ತು."

"ಹೇಳಿದ್ರೆ ಎಂತಾಯ್ತು? ಫಸ್ಟ್ ಟೈಮೇ ಅಲ್ವಾ?"

"ಅಲ್ಲಿ ಇಳಿದ ಕೂಡ್ಲೆ ನಾನು ದಾರಿ ಕೇಳ್ಬೇಕು ಅತ್ತಿಗೆ. ಗಿರಣಿ ಎಲ್ಲಿ, ಬಾಗಿಲು ಎಲ್ಲಿ ಅಂತ. ಯಾರಾದ್ರೂ ಮೇಲಿಂದ ಕೆಳಗೆ ನೋಡಿ, ಹೊಸಬರಾ, ಯಾರ ಮನೆ ಆಗ್ಬೇಕಿತ್ತು ಅಂತ ಕೇಳ್ತಾರೆ." ಡಬ್ಬಿಯನ್ನು ದೂರ ಸರಿಸಿದ. "ಒಂದು ಊರಲ್ಲಿ ಹಾಗೆ ಕೇಳಿಸಿಕೊಂಡದ್ದು ಸಾಕು. ಇದ್ದದ್ದು ಇನ್ನೊಂದೇ."

ನನಗೆ ಸಮಾಧಾನದ ಮಾತುಗಳು ಬರುವುದಿಲ್ಲ. "ಸ್ವೆಟರು ತೆಗಿ, ಕಾಲು ತೊಳಿ, ಗಂಜಿ ಉಂಟು" ಎಂದೆ. ಅವನು ಉಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಯಜಮಾನರು ಮತ್ತು ಮಗ ಬಂದು ಏನೇನೋ ಕೇಳಿದರು. ವಿಮಾನ ತಪ್ಪಿತಂತೆ ಎಂದು ನಾನೇ ಹೇಳಿದೆ.

ಮರುದಿನ ಬೆಳಿಗ್ಗೆ ನಾನು ಅಕ್ಕಿ ತೊಳೆದು ಬಟ್ಟೆಯ ಮೇಲೆ ಆರಹಾಕಿ, ಆರಿದ ಮೇಲೆ ಚೀಲಕ್ಕೆ ತುಂಬಿದೆ. ಕಾಫಿ ಲೋಟ ಅವನೆದುರು ಇಟ್ಟೆ. ಅವನು ಲೋಟ ಮುಟ್ಟದೆ ಕಿಟಕಿಯ ಹೊರಗೆ ನೋಡುತ್ತಿದ್ದ.

"ಅಲ್ಲ ಮಾರಾಯ" ಎಂದೆ, "ಹೊಳೆ ಬದಿಯ ಬಾಗಿಲಿನಿಂದ ಒಳಗೆ ಬಂದವಳು ಗಿರಣಿಗೆ ಹೇಗೆ ಹೋಗುವುದು? ಹಿಟ್ಟು ಮಾಡಿಸ್ಬೇಕಿತ್ತು."

ಅವನು ನನ್ನ ಮುಖ ನೋಡಿದ. ಚೀಲ ನೋಡಿದ.

"ಕೈಯಲ್ಲಿ ಭಾರ ಉಂಟಾ ಅತ್ತಿಗೆ?"

"ಉಂಟು."

"ಹಾಗಾದ್ರೆ ಸಂತೆಯ ಒಳಗಿಂದ ಬೇಡ, ಅಲ್ಲಿ ಕಲ್ಲಿನ ಏರು ಉಂಟು. ಗೋಡೆಯ ಬದಿಯಿಂದ ಹೋಗುವ" ಎಂದು ಅವನು ಎದ್ದು, ತಿರುವಿನವರೆಗೆ ಬಿಟ್ಟು ಬರಲು ಚಪ್ಪಲಿ ಹುಡುಕತೊಡಗಿದ. ನಾನು ಚೀಲ ಎತ್ತಿಕೊಂಡು ಅವನ ಹಿಂದೆ ಹೊರಟೆ.